ಗಣಕಯಂತ್ರದ ನಿದ್ರೆಯೂ ವಿದ್ಯುತ್ತಿನ ಹತೋಟಿಯೂ

ಹತ್ತು ಮಂದಿ ಕನ್ಯೆಯರ ಸಾಮ್ಯವನ್ನು ನಮ್ಮ ಪಾಠಶಾಲೆಯಲ್ಲಿ ಕಲಿತ ಯಾವ ಬಾಲಿಕೆಯೂ ಮರೆತಿರಲಾರಳು. ಆದರೆ ಬುದ್ಧಿವಂತೆಯರೂ ಬುದ್ಧಿಯಿಲ್ಲದವರೂ ಕೂಡಿ ಹತ್ತು ಮಂದಿಯೂ ನಿದ್ರೆಹೋದರೆಂಬುದನ್ನು ಅನೇಕರು ಗಮನಿಸುವುದಿಲ್ಲ. ನಿದ್ರೆಯು ತಪ್ಪಾಗಿರಲಿಲ್ಲ, ಏಳುವ ವೇಳೆಗೆ ಬೇಕಾದ ಎಣ್ಣೆಯನ್ನು ಇಟ್ಟುಕೊಳ್ಳದಿದ್ದುದೇ ತಪ್ಪು. ಇಂದು ಪಾಲಕರೆಲ್ಲರ ಕೈಯಲ್ಲಿರುವ ಮೊಬೈಲ್ ಮೊದಲಾದ ಯಂತ್ರಗಳೂ ದಿನದ ಹೆಚ್ಚಿನ ಹೊತ್ತು ನಿದ್ರಿಸುತ್ತಲೇ ಇರುವವು. ಆ ನಿದ್ರೆಯಲ್ಲಿ ಯಾವ ಭಾಗಕ್ಕೆ ಎಷ್ಟು ವಿದ್ಯುತ್ತನ್ನು ಉಳಿಸತಕ್ಕದ್ದೆಂದು ಗೊತ್ತುಮಾಡುವ ಬಗೆಯನ್ನು ಇಲ್ಲಿ ವಿವರಿಸಲು ಯತ್ನಿಸುವೆವು. ಇದರಲ್ಲಿ ನಾವೇ ಒಮ್ಮೆ ಎಡವಿದ್ದುಂಟು. ಆ ಸಂಗತಿಯನ್ನೂ ಹೇಳುವೆವು.

ಮೊದಲು ವೋಲ್ಟೇಜ್ ರೆಗ್ಯುಲೇಟರ್ ಎಂದರೇನೆಂಬುದನ್ನು ತಿಳಿಯಬೇಕು. ವಿಜಯಪುರವನ್ನು ಬಲ್ಲವರು ಅಲ್ಲಿ ನಿಂತಿರುವ ‘ಗಂಜ್’ ಎಂಬ ಹಳೆಯ ನೀರಿನ ಗೋಪುರಗಳನ್ನು ನೋಡಿರುವರು. ಆದಿಲಶಾಹಿ ಅರಸರ ಕಾಲದಲ್ಲಿ ತೊರವಿಯಿಂದಲೂ, 1651ರಲ್ಲಿ ಮಹಮ್ಮದ ಆದಿಲಶಹನು ಕಟ್ಟಿಸಿದ ಬೇಗಂ ತಲಾಬಿನಿಂದಲೂ ಮಣ್ಣಿನ ಕೊಳವೆಗಳ ಮೂಲಕ ನಗರಕ್ಕೆ ನೀರು ಬರುತ್ತಿದ್ದಿತು. ಒತ್ತಡವು ಮಿತಿಮೀರಿದರೆ ಕೊಳವೆಯು ಒಡೆಯುವುದು. ಆದುದರಿಂದ ನೀರನ್ನು ಗೋಪುರದೊಳಗೆ ಏರಗೊಟ್ಟು, ಅಲ್ಲಿ ಒತ್ತಡವನ್ನು ಕಳೆದು, ಮುಂದಕ್ಕೆ ಬಿಡುತ್ತಿದ್ದರು. ರೆಗ್ಯುಲೇಟರು ವಿದ್ಯುತ್ತಿಗೆ ಇಂಥ ಗಂಜ್ ಆಗಿರುವುದು. ಲಿಥಿಯಂ ಬ್ಯಾಟರಿಯು ತುಂಬಿದಾಗ ಸುಮಾರು 4.2 ವೋಲ್ಟನ್ನು ಕೊಡುವುದು. ತೀರುತ್ತ ಬಂದಂತೆ ಅದು ಇಳಿಯುವುದು. ಒಳಗಿನ ಭಾಗಗಳಾದರೋ ಒಂದು 1.1 ವೋಲ್ಟನ್ನು, ಇನ್ನೊಂದು 1.8ನ್ನು, ಮತ್ತೊಂದು 3.3ನ್ನು ಬೇಡುವವು, ಮತ್ತು ಅದು ಏರಿಳಿಯಕೂಡದು. ಆದಕಾರಣ ಅಂಗೈಯಗಲದ ಫಲಕದ ಮೇಲೆಯೇ ಅನೇಕ ರೆಗ್ಯುಲೇಟರುಗಳಿರುವವು.

ಯಂತ್ರವು ನಿದ್ರಿಸುವುದೆಂದರೆ ಪೂರ್ತಿ ಆರಿಹೋಗುವುದಲ್ಲ. ಪರದೆಯ ವಿದ್ಯುತ್ತನ್ನು ಕಡಿಯಬಹುದು. ಲೆಕ್ಕಮಾಡುವ ಪ್ರೊಸೆಸರಿನದನ್ನೂ ಬಹುಮಟ್ಟಿಗೆ ಕಡಿಯಬಹುದು. ಆದರೆ ಮೆಮೊರಿಯ ಕಣಗಳು ಸೋರುವ ಕೊಡಗಳಂತಿರುವವು. ಸೆಕೆಂಡಿಗೆ ಹತ್ತಾರು ಬಾರಿ ತಿರುಗಿ ತುಂಬದಿದ್ದರೆ ಅವುಗಳಲ್ಲಿದ್ದುದೆಲ್ಲ ಅಳಿಯುವುದು. ನಿದ್ರೆಯ ಕಾಲದಲ್ಲಿ ಮೆಮೊರಿಯು ಈ ಕೆಲಸವನ್ನು ತಾನೇ ಮಾಡಿಕೊಳ್ಳುವುದು ನಿಜ, ಆದರೆ ಅದಕ್ಕೂ ವಿದ್ಯುತ್ತು ಬೇಕು. ಗಡಿಯಾರಕ್ಕೆ ಬೇಕು, ಎಬ್ಬಿಸುವ ತಂತಿಗೂ ಬೇಕು.

ಯಾವ ರೆಗ್ಯುಲೇಟರು ಯಾವ ಭಾಗವನ್ನು ಸಾಕುತ್ತಿದೆಯೆಂಬುದು ಆಪರೇಟಿಂಗ್ ಸಿಸ್ಟಮ್ಮಿಗೆ ತಾನಾಗಿ ತಿಳಿಯದು. ಫಲಕವನ್ನು ರಚಿಸಿದವರೇ ಅದನ್ನು ಬರೆದುಕೊಡಬೇಕು. ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಇದಕ್ಕೆ ಬೇಕಾದ ಏರ್ಪಾಡು 2008ರಲ್ಲಿ, ಅದರ 2.6.27ನೆಯ ಆವೃತ್ತಿಯಲ್ಲಿ ಸೇರಿತು; ಎಡಿನ್‌ಬರೋ ನಗರದ ವುಲ್ಫ್‌ಸನ್ ಮೈಕ್ರೋಎಲೆಕ್ಟ್ರಾನಿಕ್ಸ್ ಕಂಪನಿಯವರು ಅದನ್ನು ಬರೆದರು. ಈಗ ‘ಡಿವೈಸ್ ಟ್ರೀ’ ಎಂಬ ಪಟ್ಟಿಯಲ್ಲಿ ಒಂದೊಂದು ರೆಗ್ಯುಲೇಟರಿನ ಹೆಸರಿನ ಕೆಳಗೂ, ನಿದ್ರೆಯಲ್ಲಿ ಅದು ಉರಿಯುತ್ತಿರಬೇಕೋ ಆರಬೇಕೋ, ಉರಿಯುವುದಾದರೆ ಎಷ್ಟು ವೋಲ್ಟಿನಲ್ಲಿ ಎಂಬುದನ್ನು ಬರೆಯಬಹುದು. ಏನನ್ನೂ ಬರೆಯದೆ ಬಿಟ್ಟರೆ ವ್ಯವಸ್ಥೆಯು ಅದರ ಗೊಡವೆಗೆ ಹೋಗದೆ ಇದ್ದಂತೆಯೇ ಬಿಡುವುದು. ಈ ಮೌನವೇ ಅನೇಕ ಬ್ಯಾಟರಿಗಳನ್ನು ಬರಿದುಮಾಡುವುದೆಂದು ನಮ್ಮ ಅಭಿಪ್ರಾಯ. ಲೆಕ್ಕವು ಬಾಲಿಕೆಯರಿಗೂ ಸುಲಭ: 3000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿಯಿಂದ ನಿದ್ರೆಯಲ್ಲಿ 5 ಮಿಲಿಆಂಪಿಯರ್ ಹರಿದರೆ 25 ದಿನ ಬಾಳುವುದು, 50 ಹರಿದರೆ ಎರಡೂವರೆ ದಿನ ಮಾತ್ರ. ಇದಲ್ಲದೆ ರೆಗ್ಯುಲೇಟರು ತಾನೂ ತುಸು ವಿದ್ಯುತ್ತನ್ನು ತಿನ್ನುವುದು. ಆದುದರಿಂದ ಹೊರೆ ಕಡಿಮೆಯಾದಾಗ ಅದನ್ನು ಮಿತವ್ಯಯದ ರೀತಿಗೆ ತಿರುಗಿಸುವ ಸೌಕರ್ಯವೂ ಅನೇಕ ರೆಗ್ಯುಲೇಟರುಗಳಲ್ಲಿರುವುದು.

ಇನ್ನು ನಾವು ಎಡವಿದ ಕಥೆ. ಇಟ್ಟಂಗಿಹಾಳದ ಒಂದು ಹೊಲದಲ್ಲಿ ಮಳೆಯನ್ನು ಅಳೆಯುವ ಚಿಕ್ಕ ಯಂತ್ರವನ್ನು ನಿಲ್ಲಿಸಿದ್ದೆವು. ಅದರೊಳಗೆ ತಕ್ಕಡಿಯಂತೆ ತೂಗುವ ಪುಟ್ಟ ದೊಣ್ಣೆಯೊಂದಿರುವುದು. ಗೊತ್ತಾದಷ್ಟು ನೀರು ತುಂಬಿದೊಡನೆ ಅದು ಮಗುಚುವುದು, ಆಗ ಅಯಸ್ಕಾಂತವು ಒಂದು ಸ್ವಿಚ್ಚನ್ನು ಕೂಡಿಸಿ ಗಣಕವನ್ನು ಎಬ್ಬಿಸುವುದು. ಬಿಳಿಜೋಳವನ್ನು ಬಿತ್ತುವ ನಮ್ಮ ಎರೆಯ ಸೀಮೆಯಲ್ಲಿ ಒಂದು ರಾತ್ರಿಯ ಮಳೆಯ ಲೆಕ್ಕವೂ ಸಣ್ಣದಲ್ಲ. ಬ್ಯಾಟರಿಯನ್ನು ಉಳಿಸಬೇಕೆಂಬ ಆತುರದಿಂದ, ಸಂದೇಶ ಕಳುಹಿಸುವ ಭಾಗಕ್ಕೆ ಮಾತ್ರ ಬೇಕೆಂದು ತಿಳಿದು, 3.3 ವೋಲ್ಟಿನ ರೆಗ್ಯುಲೇಟರಿನ ಕೆಳಗೆ ‘ಆಫ್’ ಎಂದು ಬರೆದೆವು. ಮೇಜಿನ ಮೇಲೆ ಎಲ್ಲವೂ ಸರಿಯಾಗಿತ್ತು. ಮಲಗಿಸಿದರೆ ಮಲಗುತ್ತಿತ್ತು, ಗುಂಡಿಯನ್ನು ಒತ್ತಿದರೆ ಏಳುತ್ತಿತ್ತು.

ಒಂದು ರಾತ್ರಿ ಮಳೆ ಬಂದಿತು. ಬೆಳಿಗ್ಗೆ ಹೊಲದ ಒಡತಿಯು ಬದುವಿನಲ್ಲಿ ನಿಂತ ನೀರನ್ನು ತೋರಿಸಿದಳು. ನಮ್ಮ ಯಂತ್ರವು ಸೊನ್ನೆಯನ್ನು ತೋರಿಸಿತು. ಮಳೆಯ ಸ್ವಿಚ್ಚಿನ ತಂತಿಯೂ ಅದೇ 3.3 ವೋಲ್ಟಿನಿಂದಲೇ ಜೀವಿಸುತ್ತಿದ್ದಿತು. ದೊಣ್ಣೆಯು ರಾತ್ರಿಯೆಲ್ಲ ಮಗುಚಿತು, ಸ್ವಿಚ್ಚು ಕೂಡಿತು, ಆದರೆ ಆ ತಂತಿಯಲ್ಲಿ ಕೂಗಲು ದನಿಯೇ ಇರಲಿಲ್ಲ. ಗುಂಡಿಯ ತಂತಿಯು ಬೇರೆ ರೆಗ್ಯುಲೇಟರಿನದಾದ್ದರಿಂದ ಪರೀಕ್ಷೆಯಲ್ಲಿ ಈ ದೋಷವು ಅಡಗಿಕೊಂಡಿತ್ತು. ತಪ್ಪು ಯಂತ್ರದ್ದಲ್ಲ, ಪಟ್ಟಿಯನ್ನು ಬರೆದ ನಮ್ಮದೇ. ಆ ರಾತ್ರಿಯ ಲೆಕ್ಕವು ನಮಗೆ ಮತ್ತೆ ದೊರೆಯಲಿಲ್ಲ.

ಆ ಒಂದು ಸಾಲನ್ನು ‘ಆನ್’ ಎಂದು ತಿದ್ದಿ, ರೆಗ್ಯುಲೇಟರನ್ನು ಮಿತವ್ಯಯದ ರೀತಿಗೆ ಇಳಿಸಿದೆವು. ಸಂದೇಶದ ಭಾಗವನ್ನು ಬೇರೊಂದು ಸ್ವಿಚ್ಚಿನಿಂದ ಕಡಿದೆವು. ಈಗ ಪಟ್ಟಿಯನ್ನು ಎಷ್ಟು ಸಾರಿ ತಿದ್ದಿದರೂ ಗುಂಡಿಯನ್ನು ಒತ್ತಿ ಪರೀಕ್ಷಿಸುವುದಿಲ್ಲ. ಯಂತ್ರವನ್ನು ಮಲಗಿಸಿ, ಒಂದು ತಾಸು ಬಿಟ್ಟು, ತಂಬಿಗೆಯಿಂದ ನೀರು ಹೊಯ್ಯುತ್ತೇವೆ.