ಒಣದ್ರಾಕ್ಷಿ ತಿಂದ ನೊಣ

ಹೊತ್ತು ಮುಳುಗುವ ಮುಂಚೆ ಇಲಿಯ ಬಿಲದ ಬಾಯಿಗೆ ಹರಳೆಣ್ಣೆ ಸವರಿದ ಒಂದು ಹಾಳೆ ಇಡಬೇಕು. ಅಷ್ಟೇ! ಬಲೆ ಬೇಡ, ಯಂತ್ರ ಬೇಡ. ಮಾರನೆಯ ಬೆಳಿಗ್ಗೆ ಹಾಳೆಯನ್ನು ಬೆಳಕಿಗೆ ಹಿಡಿದರೆ ಎಣ್ಣೆಗೆ ಅಂಟಿಕೊಂಡ ಮಾಸಲು ಚುಕ್ಕಿಗಳು ಕಾಣುತ್ತವೆ. ಒಂದೊಂದೂ ಎರಡು-ಮೂರು ಮಿಲಿಮೀಟರ್. ಭೂತಗನ್ನಡಿ ಹಿಡಿದು ನೋಡಿ: ಮೈತುಂಬ ರೋಮ, ಗೂನು ಬೆನ್ನು, ಉದ್ದುದ್ದ ಕಾಲು, ದಪ್ಪ ಕರಿಗಣ್ಣು. ಕೂತಾಗಲೂ ಮಡಚದೆ ಮೇಲೆತ್ತಿ ಹಿಡಿದ ಎರಡು ರೆಕ್ಕೆ. ಇದೇ ಮರಳುನೊಣ. ಸೊಳ್ಳೆಯ ಹಾಗೆ ಗುಂಯ್ ಎನ್ನುವುದಿಲ್ಲ, ದೂರ ಹಾರುವುದೂ ಇಲ್ಲ. ಕುಪ್ಪಳಿಸುತ್ತಾ ಬಂದು, ಸದ್ದಿಲ್ಲದೆ ಕಚ್ಚಿ, ಸದ್ದಿಲ್ಲದೆ ಹೋಗುತ್ತದೆ.

ಈ ಚುಕ್ಕಿಯ ಹೊಟ್ಟೆಯಲ್ಲಿ ನಡೆಯುವುದನ್ನು ತಿಳಿಯಲು ಮನುಷ್ಯನಿಗೆ ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು, ಇನ್ನೂ ಪೂರ್ತಿ ತಿಳಿದಿಲ್ಲ. ಲೀಷ್ಮೇನಿಯಾ ಎಂಬ ಒಂದೇ ಕೋಶದ ಪರಾವಲಂಬಿ ಜೀವಿಯನ್ನು ಹೊತ್ತು ತಿರುಗುವುದು ಇದೇ ನೊಣ. ಆ ಜೀವಿಯ ಒಂದು ಜಾತಿ ಒಳಗಿಳಿದು ಗುಲ್ಮವನ್ನು ಊದಿಸಿ, ಚಿಕಿತ್ಸೆ ಸಿಗದಿದ್ದರೆ ಕೊಂದೇಬಿಡುವ ಕಾಲಾ ಅಜಾರ್ ತರುತ್ತದೆ. ಇನ್ನೊಂದು ಜಾತಿ ಚರ್ಮದಲ್ಲೇ ಉಳಿದು, ತಿಂಗಳುಗಟ್ಟಲೆ ಆರದ ಹುಣ್ಣು ಮಾಡಿ, ಮುಖದ ಮೇಲೆ ಜೀವಮಾನದ ಕಲೆ ಬಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 7ರಿಂದ 10 ಲಕ್ಷ ಜನರಿಗೆ ಈ ರೋಗಗಳು ಹೊಸದಾಗಿ ತಗಲುತ್ತವೆ.

ಮೊದಲು ಹುಣ್ಣಿನ ಕಥೆ. 1885ರಲ್ಲಿ ರಷ್ಯಾದ ಸೈನ್ಯ ಈಗಿನ ತುರ್ಕಮೆನಿಸ್ತಾನದ ಮುರ್ಗಾಬ್ ನದಿಯ ಪೆಂದೆ ಪ್ರದೇಶಕ್ಕೆ ಬಂದು ಬೀಡುಬಿಟ್ಟಾಗ ಸೈನಿಕರ ಕೈಕಾಲು ಮುಖಗಳಲ್ಲಿ ಹುಣ್ಣೆದ್ದವು. ಅತ್ತ ಆಲ್ಜೀರಿಯಾದಲ್ಲಿ ಸೆರ್ಜೆಂಟ್ ಸಹೋದರರು 1921ರಲ್ಲಿ ಬಿಸ್ಕ್ರಾ ಊರಿನಲ್ಲಿ ಹಿಡಿದ ಮರಳುನೊಣಗಳನ್ನು ರೋಗವೇ ಇಲ್ಲದ ಆಲ್ಜಿಯರ್ಸ್ ನಗರಕ್ಕೆ ಒಯ್ದು, ಅರೆದು, ಸ್ವಯಂಸೇವಕರ ಗೀರಿದ ಚರ್ಮಕ್ಕೆ ಸವರಿದರು. ಅಲ್ಲೇ ಹುಣ್ಣು ಹುಟ್ಟಿತು! ಕಳ್ಳ ಸಿಕ್ಕ. ಆದರೆ ಕಳ್ಳನಿಗೆ ಮಾಲು ಎಲ್ಲಿಂದ ಬಂತು?

ಮುರ್ಗಾಬಿನ ಸುತ್ತಣ ಮರುಭೂಮಿಯಲ್ಲಿ ಜನವಸತಿಯೇ ಇಲ್ಲದ ಜಾಗಕ್ಕೆ ಹೊಸದಾಗಿ ಹೋದವರಿಗೂ ಹುಣ್ಣಾಗುತ್ತಿತ್ತು. ರೋಗಿಯೇ ಇಲ್ಲದ ಊರಲ್ಲಿ ರೋಗ! ಇನ್ನೂ ಒಂದು ಒಗಟು: ಅಲ್ಲಿಯ ಕಡುಚಳಿಗೆ ಬಲಿತ ನೊಣಗಳೆಲ್ಲ ಸಾಯುತ್ತವೆ, ಮರಿಹುಳುಗಳು ಮಾತ್ರ ಮಣ್ಣಿನಲ್ಲಿ ಮಂಪರು ಹಿಡಿದು ಉಳಿಯುತ್ತವೆ. ಆ ಮರಿಹುಳುಗಳ ಹೊಟ್ಟೆಯಲ್ಲಿ ರೋಗಾಣುವಿಲ್ಲ. ಹಾಗಿದ್ದರೆ ಬೇಸಗೆಗೆ ಅದು ಮತ್ತೆ ಪ್ರತ್ಯಕ್ಷವಾಗುವುದು ಹೇಗೆ? ಸೋವಿಯತ್ ವಿಜ್ಞಾನಿಗಳಾದ ಲತಿಶೆವ್ ಮತ್ತು ಕ್ರ್ಯುಕೋವಾ 1941ರಲ್ಲಿ ಉತ್ತರ ಕೊಟ್ಟರು. ದೊಡ್ಡ ಜರ್ಬಿಲ್ ಎಂಬ ಮರುಭೂಮಿಯ ಇಲಿಯ ಕಿವಿ ನೋಡಿ, ಎಂದರು.

ಕಿವಿ! ಮೈಯೆಲ್ಲ ದಟ್ಟ ತುಪ್ಪಳವಿರುವ ಪ್ರಾಣಿಯಲ್ಲಿ ನೊಣದ ಮೋಟು ಬಾಯಿಗೆ ಎಟಕುವ ಬರಿಯ ಚರ್ಮ ಅಲ್ಲೇ ತಾನೆ. ಇಲಿಯ ಕಿವಿಯಂಚಿನಲ್ಲಿ ಒಂದಿಷ್ಟು ದಪ್ಪಗಾದ ಚರ್ಮ, ಸಣ್ಣ ಹುಣ್ಣು, ಅದರೊಳಗೆ ಚಳಿಗಾಲವನ್ನು ಬೆಚ್ಚಗೆ ಕಳೆಯುವ ಲೀಷ್ಮೇನಿಯಾ. ಇಲಿ ಓಡಾಡಿಕೊಂಡೇ ಇರುತ್ತದೆ, ಸಂಸಾರ ಮಾಡುತ್ತದೆ. ಬೇಸಗೆಯಲ್ಲಿ ಹುಟ್ಟಿದ ಹೊಸ ನೊಣ ಆ ಕಿವಿಯನ್ನು ಕಚ್ಚಿದರೆ ಚಕ್ರ ಮತ್ತೆ ಶುರು.

ಆ ಬಿಲವೋ ಒಂದು ನೆಲದಡಿಯ ಊರೇ ಸರಿ. ಹತ್ತಾರು ಬಾಯಿಗಳು, ಕವಲೊಡೆದ ಸುರಂಗಗಳು, ಉಗ್ರಾಣ, ಮಲಗುವ ಕೋಣೆ. ಮೇಲೆ ಮರಳು ಕಾದು ಉರಿಯುವಾಗಲೂ ಒಳಗೆ ತಂಪು, ತೇವ. ಮರಳುನೊಣದ ಮರಿಗೆ ನೀರು ಬೇಕಿಲ್ಲ. ತೇವದ ಮಣ್ಣು, ಇಲಿಯ ಹಿಕ್ಕೆ, ಕೊಳೆತ ಸೊಪ್ಪು ಇದ್ದರೆ ಸಾಕು. ಕೂಳು, ನೆರಳು, ರಕ್ತ, ರೋಗಾಣು, ಎಲ್ಲವೂ ಒಂದೇ ಸೂರಿನಡಿ! ಮನುಷ್ಯನ ಹಂಗೇ ಇಲ್ಲ. ಕಾಲುವೆ ತೋಡಲೋ ಟೆಂಟು ಹಾಕಲೋ ಬಿಲದ ಪಕ್ಕ ಹೋದಾಗ ನಾವು ಆ ಚಕ್ರದೊಳಗೆ ಕಾಲಿಟ್ಟೆವು, ಅಷ್ಟೇ. ರೋಗವೂ ಭೂಗೋಳದ ಒಂದು ಭಾಗ, ಅದು ಮನುಷ್ಯನಿಗಿಂತ ಮುಂಚೆಯೇ ಅಲ್ಲಿರಬಹುದು ಎಂಬ ಯೆವ್ಗೆನಿ ಪಾವ್ಲೋವ್ಸ್ಕಿಯವರ 1939ರ ಸಿದ್ಧಾಂತಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷಿ ನನಗಂತೂ ಗೊತ್ತಿಲ್ಲ.

ಜೋರ್ಡಾನ್, ಸೌದಿ ಅರೇಬಿಯಾ, ಟ್ಯುನೀಶಿಯಾಗಳಲ್ಲಿ ಈ ಪಾತ್ರ ವಹಿಸುವುದು ಕೊಬ್ಬಿದ ಮರಳಿಲಿ. ಅದು ತಿನ್ನುವುದು ಸವಳು ನೆಲದ ಉಪ್ಪುಪ್ಪು ಎಲೆಗಳನ್ನೇ. ಎಲೆಯ ಮೇಲ್ಪದರದ ಉಪ್ಪನ್ನು ಹಲ್ಲಿನಿಂದ ಹೆರೆದು ಹಾಕಿ ಆಮೇಲೆ ತಿನ್ನುವ ಚಾಣಾಕ್ಷ! ಪ್ರಯೋಗಾಲಯದಲ್ಲಿ ಮಾಮೂಲಿ ಇಲಿಯ ಆಹಾರ ಕೊಟ್ಟರೆ ಪಾಪ, ಅದಕ್ಕೆ ಸಕ್ಕರೆ ಕಾಯಿಲೆ ಬರುತ್ತದೆ. ಆ ಸಂಶೋಧನೆಯದೇ ಒಂದು ಬೇರೆ ಲೋಕ. ನಮಗೆ ಬೇಕಾದದ್ದು ಇಷ್ಟು: ಆ ಗಿಡ ಇದ್ದಲ್ಲಿ ಆ ಇಲಿ, ಆ ಇಲಿ ಇದ್ದಲ್ಲಿ ನೊಣ.

ಈಗ ನಮ್ಮ ದೇಶಕ್ಕೆ ಬನ್ನಿ, ಇನ್ನೂ ದೊಡ್ಡ ಬೆರಗು ಇಲ್ಲಿದೆ. ಭಾರತದ ಕಾಲಾ ಅಜಾರ್‌ನಲ್ಲಿ ಇಲಿಯ ಪಾತ್ರವಿಲ್ಲ, ಮನುಷ್ಯನೇ ಆಶ್ರಯದಾತ. 1903ರಲ್ಲಿ ವಿಲಿಯಂ ಲೀಷ್ಮನ್ ಇಂಗ್ಲೆಂಡಿನಲ್ಲೂ ಚಾರ್ಲ್ಸ್ ಡೊನೊವನ್ ಮದರಾಸಿನಲ್ಲೂ ರೋಗಾಣುವನ್ನು ವರ್ಣಿಸಿದರು. 1924ರಲ್ಲಿ ಕಲ್ಕತ್ತಾದ ನೋಲ್ಸ್, ನೇಪಿಯರ್ ಮತ್ತು ಸ್ಮಿತ್, ರೋಗಿಯ ರಕ್ತ ಕುಡಿದ ಮರಳುನೊಣದ ಕರುಳಿನಲ್ಲಿ ಅದು ಬೆಳೆಯುವುದನ್ನು ಕಂಡರು. ಇನ್ನೇನು, ಮುಗಿಯಿತು ಎನ್ನುವಷ್ಟರಲ್ಲಿ ಗಾಡಿ ನಿಂತಿತು. ರೋಗಾಣು ತುಂಬಿಕೊಂಡ ನೊಣದಿಂದ ಮತ್ತೆ ಮತ್ತೆ ಕಚ್ಚಿಸಿದರೂ ರೋಗ ಹರಡಿದ್ದನ್ನು ಸರಿಯಾಗಿ ತೋರಿಸಲಾಗಲಿಲ್ಲ. ನೊಣಗಳಿಗೆ ಮೊದಲೊಮ್ಮೆ ರಕ್ತ, ಮತ್ತೆ ರಕ್ತ. ಅವು ಮೊಟ್ಟೆಯಿಟ್ಟು ಸಾಯುತ್ತಿದ್ದವು. ಹೀಗೆ ವರ್ಷಗಟ್ಟಲೆ.

ಆಗ, 1940ರ ಹೊತ್ತಿಗೆ, ಆರ್. ಓ. ಎ. ಸ್ಮಿತ್ ಮತ್ತು ಸಂಗಡಿಗರು ಪಂಜರದೊಳಗೆ ಒಣದ್ರಾಕ್ಷಿ ಇಟ್ಟರು!

ರಕ್ತವೇ ನೊಣದ ಊಟ ಎಂದುಕೊಂಡಿದ್ದೆವು. ಅಲ್ಲ, ರಕ್ತ ಬೇಕಾದದ್ದು ಹೆಣ್ಣಿಗೆ, ಅದೂ ಮೊಟ್ಟೆಗಾಗಿ. ದಿನದ ಹೊಟ್ಟೆಪಾಡಿಗೆ ಗಂಡಿಗೂ ಹೆಣ್ಣಿಗೂ ಸಿಹಿ ರಸ ಬೇಕು. ದ್ರಾಕ್ಷಿ ಸವಿದ ನೊಣಗಳು ಹೆಚ್ಚು ದಿನ ಬದುಕಿದವು, ಒಳಗಿನ ಲೀಷ್ಮೇನಿಯಾ ಲೆಕ್ಕವಿಲ್ಲದಷ್ಟು ಹೆಚ್ಚಿ ಗಂಟಲವರೆಗೆ ಒತ್ತರಿಸಿಕೊಂಡಿತು. 1942ರಲ್ಲಿ ಅಸ್ಸಾಮಿನಲ್ಲಿ ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್ ಇದೇ ಉಪಾಯದಿಂದ ಸಾಕಿದ ನೊಣಗಳಿಂದ ಸ್ವಯಂಸೇವಕರನ್ನು ಕಚ್ಚಿಸಿದರು. ಕಾಲಾ ಅಜಾರ್ ಬಂತು. ಹದಿನೆಂಟು ವರ್ಷ ಕಗ್ಗಂಟಾಗಿದ್ದದ್ದು ಅಂಗಡಿಯಲ್ಲಿ ಸಿಗುವ ಒಣದ್ರಾಕ್ಷಿಯಿಂದ ಬಿಚ್ಚಿಕೊಂಡಿತು!

ಗಂಟಲಲ್ಲಿ ಸಿಕ್ಕಿಕೊಂಡದ್ದೇನು ಎಂಬುದು 2004ರಲ್ಲಿ ಸ್ಪಷ್ಟವಾಯಿತು. ಲೀಷ್ಮೇನಿಯಾ ತಾನೇ ಒಂದು ಲೋಳೆಯನ್ನು ಸ್ರವಿಸಿ, ಸೀಸೆಗೆ ಬಿರಡೆ ಜಡಿದ ಹಾಗೆ, ನೊಣದ ಗಂಟಲನ್ನು ಕಟ್ಟುತ್ತದೆ. ನೊಣಕ್ಕೆ ರಕ್ತ ನುಂಗಲಾಗದು. ಹಸಿವು, ಪರದಾಟ, ಮತ್ತೆ ಮತ್ತೆ ಕಚ್ಚುವುದು. ಪ್ರತಿ ಸಲವೂ ಲೋಳೆ ರೋಗಾಣುಗಳ ಸಮೇತ ಗಾಯಕ್ಕೆ ಉಗುಳಿಹೋಗುತ್ತದೆ. ಆ ಲೋಳೆಯೇ ಹುಣ್ಣನ್ನು ಇನ್ನಷ್ಟು ಕೆದಕುತ್ತದೆ. ನೊಣವೂ ಇಲ್ಲಿ ಬಲಿಪಶು, ಹಸಿವೆಯಿಂದ ದುಡಿಸಿಕೊಳ್ಳುತ್ತಿರುವುದು ಅದರ ಹೊಟ್ಟೆಯಲ್ಲಿರುವವ!

ಕಚ್ಚಿದ ಮೇಲೆ? 2008ರಲ್ಲಿ ಅಮೆರಿಕದ ಸಂಶೋಧಕರು ಜೀವಂತ ಸುಂಡಿಲಿಯ ಕಿವಿಯನ್ನು (ಮತ್ತೆ ಕಿವಿ ನೋಡಿ!) ವಿಶೇಷ ಸೂಕ್ಷ್ಮದರ್ಶಕದಡಿ ಇಟ್ಟರು. ಗಾಯಕ್ಕೆ ಮೊದಲು ಧಾವಿಸುವ ಬಿಳಿ ರಕ್ತಕಣಗಳು, ನ್ಯೂಟ್ರೊಫಿಲ್‌ಗಳು, ರೋಗಾಣುಗಳನ್ನು ನುಂಗಿದವು. ಆದರೆ ರೋಗಾಣುಗಳು ಸಾಯಲಿಲ್ಲ. ಕಾವಲುಗಾರನ ಹೊಟ್ಟೆಯಲ್ಲೇ ಅಡಗಿ ಕೂತು, ಮುಂದೆ ತಾವು ನೆಲೆಸಿ ಬೆಳೆಯುವ ಮ್ಯಾಕ್ರೊಫೇಜ್ ಕಣಗಳನ್ನು ಸೇರಿದವು.

ಒಂದು ತಿದ್ದುಪಡಿಯನ್ನೂ ಹೇಳಬೇಕು. ಎರಡನೆಯ ಸಲದ ರಕ್ತ ರೋಗಾಣುವಿಗೆ ಒಗ್ಗದು ಎಂಬ ನಂಬಿಕೆ ದ್ರಾಕ್ಷಿಯ ಕಾಲದಿಂದ ಉಳಿದಿತ್ತು. 2018ರಲ್ಲಿ ಅದೂ ಬಿತ್ತು: ಸಿಹಿಯುಂಡು ಬದುಕುಳಿದ ನೊಣ ಮತ್ತೆ ರಕ್ತ ಕುಡಿದರೆ, ಬೆಳವಣಿಗೆ ನಿಲ್ಲಿಸಿದ್ದ ರೋಗಾಣುಗಳು ಹಿಂದಕ್ಕೆ ತಿರುಗಿ ಮತ್ತೆ ಮರಿ ಹಾಕುತ್ತವಂತೆ. ಅದೇ ವರ್ಷ ಇನ್ನೊಂದು ತಂಡ ಇಸ್ರೇಲ್, ಇಥಿಯೋಪಿಯಾ, ಕಜಕಸ್ತಾನ, ಬ್ರೆಜಿಲ್‌ಗಳಂಥ ದೂರದೂರದ ನಾಡುಗಳ ಮರಳುನೊಣದ ಹೊಟ್ಟೆಯಲ್ಲಿದ್ದ ಸಸ್ಯಗಳ ಡಿಎನ್‌ಎ ಓದಿತು. ಹೆಚ್ಚಿನ ಕಡೆ ಮತ್ತೆ ಮತ್ತೆ ಸಿಕ್ಕ ಗಿಡ ಯಾವುದು ಗೊತ್ತೇ? ಗಾಂಜಾ! ಬೆಳೆಯಲು ಕಾನೂನೇ ಬಿಡದ ದೇಶಗಳಲ್ಲೂ.

ಇಲಿಗೂ ನೊಣಕ್ಕೂ ಇರುವ ನಂಟು ತಿಳಿದದ್ದರಿಂದ ಬಯಲಿನ ಕೆಲಸವೂ ಹುಟ್ಟಿದೆ. ಇರಾನಿನ ಇಸ್ಫಹಾನ್ ಸುತ್ತ ಮನೆಗಳಿಂದ 500 ಮೀಟರ್ ಒಳಗಿನ ಬಿಲಗಳಿಗೆ ಜಿಂಕ್ ಫಾಸ್ಫೈಡ್ ಬೆರೆಸಿದ ಗೋಧಿ ಹಾಕಿದರು. ಸೌದಿಯ ಅಲ್ ಅಹ್ಸಾದಲ್ಲಿ ಉಪ್ಪುಗಿಡಗಳ ಪೊದೆಯನ್ನೇ ಉತ್ತು ತೆಗೆದರು. ವಿಷಕ್ಕಿಂತ ನೇಗಿಲೇ ಲೇಸು ಎಂಬುದು ನನ್ನ ಎಣಿಕೆ. ಉಣ್ಣಲು ಗಿಡವಿಲ್ಲದ ಕಡೆ ಇಲಿ ಮರಳಿ ಬಾರದು.

ಕರಾವಳಿಯಿಂದ ಸೌದಿಗೆ ದುಡಿಯಲು ಹೋದವರ ಮನೆಮಂದಿ, ಬಿಕಾನೇರ್ ಕಡೆ ಕೆಲಸ ಮಾಡಿ ಬಂದವರು, ಒಂದು ಮಾತು ನೆನಪಿಡಿ. ಮುಖ ಕೈಕಾಲಿನ ಮೇಲೆ ನೋವಿಲ್ಲದ ಗುಳ್ಳೆಯೆದ್ದು, ಒಡೆದು, ವಾರಗಟ್ಟಲೆ ಮುಲಾಮಿಗೆ ಬಗ್ಗದಿದ್ದರೆ ಚರ್ಮವೈದ್ಯರ ಬಳಿ ಹೋಗಿ. ಹೋದಾಗ ಹುಣ್ಣು ತೋರಿಸಿ ಸುಮ್ಮನಾಗಬೇಡಿ, ಕಳೆದ ತಿಂಗಳುಗಳಲ್ಲಿ ಯಾವ ಊರಲ್ಲಿ ಮಲಗಿದ್ದಿರಿ ಎಂಬುದನ್ನೂ ಹೇಳಿ. ಹುಣ್ಣಿನ ಅಂಚಿನಿಂದ ಚೂರು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗ ಪತ್ತೆಯಾಗುತ್ತದೆ, ಮದ್ದೂ ಇದೆ.