ಗಿಳಿಗೆ ಕಚ್ಚುವುದನ್ನು ಕಲಿಸಿದವರು ಯಾರು?

ಗಿಳಿಗೆ ಕೊಕ್ಕು ತಿನ್ನುವುದಕ್ಕಷ್ಟೇ ಅಲ್ಲ. ಕಾಯಿ ಹಿಡಿಯುವಾಗ ಅದು ಕೈ, ಕಡಿದಾದ ಕಡೆ ಹತ್ತುವಾಗ ಮೂರನೆಯ ಕಾಲು. ಲವ್‌ಬರ್ಡ್‌ಗಳು ಹತ್ತುವಾಗ ಕೊಕ್ಕು ಬರೀ ಆಸರೆಯಾಗದೆ, ಕಾಲಿನಂತೆಯೇ ಮೈಯನ್ನು ಮೇಲಕ್ಕೆಳೆಯುತ್ತದೆ ಎಂಬುದನ್ನು ನ್ಯೂಯಾರ್ಕಿನ ಸಂಶೋಧಕರು 2022ರಲ್ಲಿ ಅಳೆದು ತೋರಿಸಿದ್ದಾರೆ. ಕೊಕ್ಕಿನ ತುದಿಯಲ್ಲಿ ಸ್ಪರ್ಶ ಗ್ರಹಿಸುವ ನರತಂತುಗಳೂ ಇವೆ. ಹಾಗಾಗಿ ಬೆರಳ ಮೇಲೆ ಹತ್ತುವ ಮೊದಲು ಗಿಳಿ ಅದನ್ನು ಕೊಕ್ಕಿನಿಂದ ಹಿಡಿದು, ಗಟ್ಟಿಯಾಗಿದೆಯೇ ಎಂದು ನೋಡುತ್ತದೆ. ಇದು ಕಚ್ಚುವುದಲ್ಲ. ಆಗ ಹೆದರಿ ಕೈ ಎಳೆದುಕೊಂಡರೆ, ಈ ಕೊಂಬೆಯನ್ನು ನಂಬುವಂತಿಲ್ಲ ಎಂದು ಹಕ್ಕಿಗೆ ಅನಿಸುತ್ತದೆ. ಮುಂದಿನ ಸಲ ಇನ್ನೂ ಬಿಗಿಯಾಗಿ ಹಿಡಿಯುತ್ತದೆ.

ರಕ್ತ ಬರುವಂತೆ ಕಚ್ಚುವುದರ ಕತೆ ಬೇರೆ, ಅದರ ಬೇರು ಹಕ್ಕಿಯ ಕುಲದಲ್ಲಿದೆ. ನಮ್ಮ ಹೊಲ-ತೋಟಗಳ ಹಸಿರು ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಮನೆಗಳಲ್ಲಿ ಸಾಕುವುದು ಆಸ್ಟ್ರೇಲಿಯಾ ಮೂಲದ ಬಡ್ಜೆರಿಗಾರ್, ಕಾಕಟೀಲ್, ಆಫ್ರಿಕಾ ಮೂಲದ ಲವ್‌ಬರ್ಡ್‌ನಂಥ ಹಕ್ಕಿಗಳನ್ನು. ಪಂಜರದಲ್ಲೇ ಹುಟ್ಟಿದರೂ ಇವು ಹದ್ದು-ಹಾವುಗಳಿಗೆ ಬೇಟೆಯಾಗುತ್ತ ಬಂದ ಕುಲದವು. ಅಪಾಯ ಕಂಡರೆ ಮೊದಲು ಹಾರಿಹೋಗುವುದೇ ಅವುಗಳ ಸ್ವಭಾವ. ರೆಕ್ಕೆ ಕತ್ತರಿಸಿದ್ದರೆ ಅಥವಾ ಪಂಜರದ ಮೂಲೆಗೆ ಸಿಕ್ಕಿಬಿದ್ದಿದ್ದರೆ ಉಳಿಯುವುದು ಕೊಕ್ಕೊಂದೇ.

ಆದರೂ ಗಿಳಿ ಮುನ್ಸೂಚನೆ ಕೊಡದೆ ಕಚ್ಚುವುದು ಅಪರೂಪ. ಮೈ ಹಿಂದಕ್ಕೆ ವಾಲಿಸುತ್ತದೆ, ತಿನ್ನುವುದನ್ನು ನಿಲ್ಲಿಸಿ ಮರಗಟ್ಟಿದಂತೆ ನಿಲ್ಲುತ್ತದೆ, ಬಾಲದ ಗರಿ ಬಿಚ್ಚುತ್ತದೆ. ದೊಡ್ಡ ಗಿಳಿಗಳಲ್ಲಿ ಕಣ್ಣಿನ ಪಾಪೆ ಕ್ಷಣಕ್ಕೊಮ್ಮೆ ಕುಗ್ಗಿ ಹಿಗ್ಗುವುದು ಕಾಣುತ್ತದೆ. ಕಾಕಟೀಲ್ ಜುಟ್ಟನ್ನು ತಲೆಗೆ ಒತ್ತಿಕೊಂಡು ಬುಸುಗುಡುತ್ತದೆ.

ಇವನ್ನೆಲ್ಲ ಲೆಕ್ಕಿಸದೆ ಕೈ ಮುಂದೆ ಬರುತ್ತದೆ. ಹಕ್ಕಿ ಕಚ್ಚುತ್ತದೆ, ಕೈ ಥಟ್ಟನೆ ಮಾಯವಾಗುತ್ತದೆ. ಯಾವ ವರ್ತನೆಯಿಂದ ಫಲ ಸಿಗುತ್ತದೋ ಅದು ಮರುಕಳಿಸುತ್ತದೆ ಎಂಬ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಅವರ ಸೂತ್ರ ಇಲ್ಲಿ ಅಕ್ಷರಶಃ ನಡೆಯುತ್ತದೆ. ವಾಲಿದ್ದು, ಬುಸುಗುಟ್ಟಿದ್ದು ದಂಡವಾಯಿತು, ಕಚ್ಚಿದ್ದು ಕೆಲಸಕ್ಕೆ ಬಂತು. ಕೆಲವು ಸಲ ಹೀಗಾದ ಮೇಲೆ ಗಿಳಿ ಸೂಚನೆ ಕೊಡುವುದನ್ನೇ ಬಿಟ್ಟು ನೇರ ಕಚ್ಚುತ್ತದೆ. ಮನೆಯವರು ‘ಇದ್ದಕ್ಕಿದ್ದಂತೆ ಕಚ್ಚಿಬಿಡ್ತು’ ಎನ್ನುತ್ತಾರೆ.

ಹಾಗಾದರೆ ನೋವು ನುಂಗಿಕೊಂಡು ಕೈಯನ್ನು ಅಲ್ಲೇ ಇಡಬೇಕೇ? ಕೆಲವರ ಸಲಹೆ ಅದೇ. ಆದರೆ ಸಣ್ಣ ಕಚ್ಚಿಗೆ ಕೈ ಸರಿಯದಿದ್ದರೆ ಹಕ್ಕಿ ಇನ್ನೂ ಜೋರಾಗಿ ಕಚ್ಚಿ ನೋಡುತ್ತದೆ. ಕೊಕ್ಕಿಗೆ ತಟ್ಟುವುದು, ಮುಖಕ್ಕೆ ಊದುವುದು, ಕೈ ಅಲುಗಿಸಿ ಬೀಳಿಸುವುದು, ಇವೆಲ್ಲ ಕೈಯ ಮೇಲಿನ ಭಯವನ್ನೇ ಹೆಚ್ಚಿಸುತ್ತವೆ. ಕೈ ಸರಿಯಬೇಕಾದದ್ದು ಕಚ್ಚಿದ ಮೇಲಲ್ಲ, ಗಿಳಿ ಹಿಂದಕ್ಕೆ ವಾಲಿದಾಗಲೇ. ಸಣ್ಣ ಸೂಚನೆಗೇ ಬೆಲೆ ಸಿಕ್ಕರೆ ದೊಡ್ಡದರ ಅಗತ್ಯ ಬೀಳುವುದಿಲ್ಲ.

ಜೊತೆಗೆ, ಕೈ ಬಂದರೆ ಒಳ್ಳೆಯದೇ ಆಗುತ್ತದೆ ಎಂಬ ಹೊಸ ಪಾಠವೂ ಬೇಕು. ಬಡ್ಜೆರಿಗಾರ್, ಕಾಕಟೀಲ್‌ಗಳಿಗೆ ನವಣೆ ತೆನೆಯೆಂದರೆ ಪ್ರಾಣ. ಹಕ್ಕಿ ನಿರಾಳವಾಗಿರುವಷ್ಟು ದೂರದಲ್ಲೇ ಕೈ ನಿಲ್ಲಿಸಿ ತೆನೆ ಕೊಡಬೇಕು. ದಿನಕ್ಕೆ ಕೆಲವೇ ನಿಮಿಷ ಸಾಕು, ಅಂತರ ನಿಧಾನವಾಗಿ ಕಡಿಮೆಯಾಗಲಿ. ಬೇಡವೆನಿಸಿದಾಗ ದೂರ ಹೋಗುವ ಅವಕಾಶ ಅದಕ್ಕಿರಲಿ. ಬೆರಳು ಹತ್ತಿದಾಗಲೆಲ್ಲ ತಿನಿಸು ಸಿಗಲಿ. ಇಷ್ಟಾಗಿಯೂ ಕಚ್ಚಿದರೆ ಕೂಗಾಡದೆ ಅದನ್ನು ಮೆಲ್ಲಗೆ ಅಡ್ಡಕಡ್ಡಿಯ ಮೇಲೆ ಬಿಡಿ. ಕೆಲವು ಗಿಳಿಗಳಿಗೆ ನಮ್ಮ ‘ಅಯ್ಯೋ’ ಕೂಡ ಮೋಜಿನ ಬಹುಮಾನವೇ.

ಎಲ್ಲ ಕಚ್ಚೂ ಕಲಿತದ್ದಲ್ಲ. ಮರಿಮಾಡುವ ಕಾಲದಲ್ಲಿ ಹಾರ್ಮೋನುಗಳು ಏರಿ ಗಿಳಿ ಪಂಜರವನ್ನೇ ಗೂಡಿನಂತೆ ಕಾಯುತ್ತದೆ. ಬೆನ್ನು, ರೆಕ್ಕೆಯಡಿ ನೇವರಿಸುವುದು ಅದನ್ನು ಇನ್ನಷ್ಟು ಕೆರಳಿಸುತ್ತದೆ. ಸವರುವುದಾದರೆ ತಲೆ, ಕುತ್ತಿಗೆ ಮಾತ್ರ. ನಿದ್ದೆಗೆಟ್ಟರೂ ಗಿಳಿ ಕಚ್ಚಬಹುದು, ಅದಕ್ಕೆ 10ರಿಂದ 12 ಗಂಟೆ ನಿದ್ದೆ ಬೇಕು. ರಾತ್ರಿಯಿಡೀ ಟಿವಿ ಗದ್ದಲದ ಹಾಲ್‌ನಲ್ಲಿ ಅದು ಸಿಗದು. ಸಾಧುವಾಗಿದ್ದ ಹಕ್ಕಿಯ ನಡತೆ ಏಕಾಏಕಿ ಬದಲಾದರೆ ನೋವೋ ಕಾಯಿಲೆಯೋ ಇರಬಹುದು. ತರಬೇತಿಗಿಂತ ಮೊದಲು ಪಶುವೈದ್ಯರಿಗೆ ತೋರಿಸಬೇಕು.

ಕಚ್ಚಿದರೆ ಫಲ ಸಿಗದು ಎಂದಾದ ಮೊದಲ ದಿನಗಳಲ್ಲಿ ಗಿಳಿ ಮೊದಲಿಗಿಂತ ಹೆಚ್ಚಾಗಿಯೇ ಕಚ್ಚಬಹುದು. ಅಲ್ಲಿ ಸೋತು ಒಮ್ಮೆ ಹಳೆಯ ಫಲವನ್ನೇ ಕೊಟ್ಟರೆ ಚಾಳಿ ಇನ್ನೂ ಗಟ್ಟಿಯಾಗುತ್ತದೆ, ಏಕೆಂದರೆ ಅಪರೂಪಕ್ಕೆ ಸಿಗುವ ಫಲವೇ ವರ್ತನೆಯನ್ನು ಹೆಚ್ಚು ಕಾಲ ಉಳಿಸುತ್ತದೆ. ಹಾಗಾಗಿ ಅಜ್ಜಿಯಿಂದ ಮೊಮ್ಮಗನವರೆಗೆ ಮನೆಯವರೆಲ್ಲ ಒಂದೇ ನಿಯಮ ಪಾಲಿಸಬೇಕು. ಇಲ್ಲಿ ಮೊದಲು ತರಬೇತಿ ಬೇಕಿರುವುದು ಗಿಳಿಗಲ್ಲ, ಮನೆಮಂದಿಗೆ.