ವೃದ್ಧರ ಜಮೀನೂ ದಾನಪತ್ರದ ಷರತ್ತೂ

ಪೈರಿಗೆ ಬೇಲಿ ಕಟ್ಟುವ ರೈತನು ತನ್ನ ಮುಪ್ಪಿನ ರಕ್ಷಣೆಯನ್ನು ಮರೆಯುವುದುಂಟು. ಖಾತೆಯು ಮಗನ ಹೆಸರಿಗೆ ಬದಲಾದ ಬಳಿಕ ತಂದೆಗೆ ಅನ್ನವೂ ಔಷಧವೂ ತಪ್ಪಿದ ಸಂಗತಿಗಳು ಗ್ರಾಮಗಳಲ್ಲಿ ಅಪರೂಪವಲ್ಲ.

ಓದಿ ಹೇಳದೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುವುದು, ಪಿಂಚಣಿಯ ಪಾಸುಪುಸ್ತಕವನ್ನು ಅನ್ಯರು ಇಟ್ಟುಕೊಳ್ಳುವುದು, ನೆರೆಯವರೊಡನೆ ಮಾತನಾಡಗೊಡದಿರುವುದು, ಇವು ಅಪಾಯದ ಲಕ್ಷಣಗಳು. ಗ್ರಾಮದ ಮುಖಂಡರು ಇಂತಹವನ್ನು ಕಂಡೊಡನೆ ವಿಚಾರಿಸತಕ್ಕದ್ದು.

2007ನೆಯ ಇಸವಿಯ ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಕಾಯಿದೆಯ 23ನೆಯ ಕಲಮಿನ ಮೇರೆಗೆ, ಪೋಷಣೆಯ ಷರತ್ತಿನಿಂದ ಕೊಟ್ಟ ದಾನವನ್ನು, ಪೋಷಣೆ ತಪ್ಪಿದಲ್ಲಿ, ರದ್ದುಪಡಿಸಬಹುದು. ಕರ್ನಾಟಕದಲ್ಲಿ 60 ವರ್ಷ ತುಂಬಿದವರು ಇದಕ್ಕಾಗಿ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಆದರೆ ಷರತ್ತು ಇದ್ದಿತೆಂಬುದು ರುಜುವಾತಾಗಬೇಕೆಂದು 2022ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆದುದರಿಂದ ಬಾಯಿಮಾತನ್ನೇ ನಂಬದೆ, ಜೀವಮಾನಪರ್ಯಂತ ಅನ್ನ, ವಸ್ತ್ರ, ವಸತಿ, ಔಷಧಗಳನ್ನು ಒದಗಿಸತಕ್ಕದ್ದೆಂದು ದಾನಪತ್ರದಲ್ಲಿಯೇ ಬರೆಯಿಸಿ, ಓದಿಸಿ ಕೇಳಿದ ತರುವಾಯವೇ ರುಜು ಹಾಕುವುದು ಕ್ಷೇಮಕರ.